ಟ್ರ್ಯಾಪ್ ಕೇಸಿನಲ್ಲಿ ನಿವೃತ್ತಿಯ ನಂತರ ಶಿಕ್ಷೆಯಾದರೆ ಪಿಂಚಣಿ ತಾನಾಗಿಯೇ ನಿಲ್ಲುತ್ತದೆಯೇ?

ಹೇಮಾವತಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಿವೃತ್ತರೊಬ್ಬರ ಕಡತದ ಬಗ್ಗೆ ಸಲಹೆ ಬೇಕಿತ್ತು. ವಿವರ ಚುಟುಕಾಗಿ ಹೀಗಿದೆ.

ರಾಜ್ಯ ಸರ್ಕಾರದಲ್ಲಿ ಪ್ರಥಮ ದರ್ಜೆ ಸಹಾಯಕರು. 2006ಕ್ಕೆ ಮುಂಚೆಯೇ ಸೇರಿದವರಾದ್ದರಿಂದ ಹಳೆಯ ಪಿಂಚಣಿ. 2015ರಲ್ಲಿ ಲೋಕಾಯುಕ್ತ ಟ್ರ್ಯಾಪ್ (ಲಂಚ ಪಡೆಯುವಾಗ ಬಲೆ ಬೀಸಿ ಹಿಡಿಯುವುದು), 2016ರಲ್ಲಿ ಚಾರ್ಜ್‌ಶೀಟ್. 2019ರಲ್ಲಿ ವಯೋನಿವೃತ್ತಿ. ಆಗಿನಿಂದ ತಾತ್ಕಾಲಿಕ ಪಿಂಚಣಿ ಬರುತ್ತಿದೆ. ಡಿಸಿಆರ್‌ಜಿ (ನಿವೃತ್ತಿ ಗ್ರಾಚ್ಯುಟಿ) ಕೊಟ್ಟಿಲ್ಲ, ಕಮ್ಯುಟೇಷನ್ (ಪಿಂಚಣಿಯ ಒಂದು ಭಾಗವನ್ನು ಇಡುಗಂಟಾಗಿ ಮುಂಚೆಯೇ ಪಡೆಯುವುದು) ಆಗಿಲ್ಲ. 2024ರಲ್ಲಿ ವಿಶೇಷ ನ್ಯಾಯಾಲಯ ಭ್ರಷ್ಟಾಚಾರ ತಡೆ ಕಾಯ್ದೆಯ ಕಲಂ 7 ಮತ್ತು 13(2)ರ ಅಡಿ 4 ವರ್ಷ ಸಜೆ, ದಂಡ ವಿಧಿಸಿತು. ಹೈಕೋರ್ಟ್‌ನಲ್ಲಿ ಮೇಲ್ಮನವಿ ದಾಖಲಾಗಿ ಶಿಕ್ಷೆ ಅಮಾನತಿನಲ್ಲಿದೆ.

ಈಗ ಇಲಾಖೆ ಕಾರಣ ಕೇಳುವ ನೋಟಿಸ್ ಕೊಟ್ಟಿದೆ: "ಪೂರ್ಣ ಪಿಂಚಣಿಯನ್ನು ಶಾಶ್ವತವಾಗಿ ಏಕೆ ಹಿಂಪಡೆಯಬಾರದು, 15 ದಿನದೊಳಗೆ ಉತ್ತರಿಸಿ." ಇನ್ನೊಂದು ಕಡೆ, ಶಿಕ್ಷೆಯಾಗಿದೆ ಎಂಬ ಕಾರಣಕ್ಕೆ ಮುಂದಿನ ತಿಂಗಳಿಂದ ತಾತ್ಕಾಲಿಕ ಪಿಂಚಣಿಯನ್ನೂ ತಡೆಹಿಡಿಯುತ್ತೇವೆ ಎಂದು ಕಚೇರಿಯವರು ಬಾಯಿಮಾತಿನಲ್ಲಿ ಹೇಳುತ್ತಿದ್ದಾರೆ.

ಶಿಕ್ಷೆಯಾದ ಕೂಡಲೇ ಪಿಂಚಣಿ ನಿಲ್ಲುತ್ತದೆಯೇ? ಅನ್ವಯಿಸುವುದು ಕೆಸಿಎಸ್‌ಆರ್‌ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ನಿಯಮ 213 ಹೌದೋ, 214 ಹೌದೋ? ಹೈಕೋರ್ಟ್ ಶಿಕ್ಷೆ ಅಮಾನತು ಮಾಡಿರುವುದು ರಕ್ಷಣೆಯಾಗುತ್ತದೆಯೇ? ಮುಂದೆ ಕುಟುಂಬ ಪಿಂಚಣಿಯ ಗತಿ ಏನು?

ಬಯಲುಸೀಮೆ

ಶಿಕ್ಷೆ ಅಮಾನತಿನಲ್ಲಿದೆ ಎಂದ ಮೇಲೆ ಇಲಾಖೆ ಏನೂ ಮಾಡುವ ಹಾಗಿಲ್ಲ ಸರ್. ಮೇಲ್ಮನವಿ ಮುಗಿಯುವವರೆಗೂ ಕೈಕಟ್ಟಿ ಕೂರಬೇಕು. ಉತ್ತರದಲ್ಲಿ ಅಷ್ಟು ಬರೆದರೆ ಸಾಕು.

ಸೇವಾನಿಯಮ

ಬಯಲುಸೀಮೆಯವರೇ, ಈ ಮಾತು ನಂಬಿ ಒಂದೇ ಸಾಲಿನ ಉತ್ತರ ಕೊಟ್ಟವರೇ ಹೆಚ್ಚು ಕಳೆದುಕೊಂಡಿರುವುದು. ಮೊದಲು ಅದನ್ನೇ ಬಿಡಿಸುತ್ತೇನೆ.

ಮೇಲ್ಮನವಿ ನ್ಯಾಯಾಲಯ ಅಮಾನತು ಮಾಡುವುದು ಸಜೆಯ ಜಾರಿಯನ್ನು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 389, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 430. ಅದರ ಅರ್ಥ ಇಷ್ಟೇ, ಸದ್ಯಕ್ಕೆ ಜೈಲಿಗೆ ಹೋಗಬೇಕಿಲ್ಲ. ದೋಷಿ ಎಂಬ ತೀರ್ಪು ಹಾಗೇ ಉಳಿದಿರುತ್ತದೆ. ಆ ತೀರ್ಪಿಗೇ ತಡೆ ಬೇಕೆಂದರೆ ಪ್ರತ್ಯೇಕವಾಗಿ ಕೇಳಬೇಕು, ಕಾರಣಸಹಿತ ಆದೇಶ ಸಿಗಬೇಕು. ಇದು ರಾಮ ನಾರಂಗ್ ಪ್ರಕರಣದಲ್ಲಿ (1995) ಸ್ಪಷ್ಟವಾದ ವಿಚಾರ. ಲಂಚದ ಪ್ರಕರಣಗಳಲ್ಲಿ ಅಂಥ ತಡೆ ಕೊಡುವುದು ಸರಿಯಲ್ಲ ಎಂದು ಕೆ.ಸಿ. ಸರೀನ್ ಪ್ರಕರಣದಲ್ಲಿ (2001) ಸುಪ್ರೀಂ ಕೋರ್ಟ್ ಹೇಳಿಯಾಗಿದೆ, ಹಾಗಾಗಿ ಅದು ಸಿಗುವುದು ಬಲು ಅಪರೂಪ. ಇನ್ನು, ಮೇಲ್ಮನವಿ ಬಾಕಿಯಿದೆ ಎಂದು ಸರ್ಕಾರ ಕಾಯಬೇಕಿಲ್ಲ ಎಂಬುದು ಎಸ್. ನಾಗೂರ್ ಮೀರಾ ಪ್ರಕರಣದಲ್ಲಿ (1995) ಬಂದಿದೆ. ಅದು ಸೇವೆಯಿಂದ ವಜಾ ಮಾಡುವ ವಿಷಯದ ತೀರ್ಪು. ಆದರೆ ಪಿಂಚಣಿ ಪ್ರಕರಣಗಳಲ್ಲೂ ಸರ್ಕಾರದ ವಕೀಲರು ಮೊದಲು ತೆಗೆಯುವುದು ಅದನ್ನೇ.

ಈಗ ಮೂಲ ಪ್ರಶ್ನೆ. ಶಿಕ್ಷೆಯಾದ ಮಾತ್ರಕ್ಕೆ ಪಿಂಚಣಿ ನಿಲ್ಲುವುದಿಲ್ಲ. ನಿಲ್ಲಿಸುವ ಅಧಿಕಾರ ಸರ್ಕಾರಕ್ಕಿದೆ, ಅದನ್ನು ಲಿಖಿತ ಆದೇಶದ ಮೂಲಕವೇ ಚಲಾಯಿಸಬೇಕು. ಈ ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಕಡತದ ಜೀವಾಳ.

ಪಿಂಚಣಿ ಸರ್ಕಾರ ದಯೆಯಿಂದ ಕೊಡುವ ಇನಾಮಲ್ಲ, ಅದು ನೌಕರನ ಆಸ್ತಿ ಎಂದು ದೇವಕಿನಂದನ್ ಪ್ರಸಾದ್ ಪ್ರಕರಣದಲ್ಲಿ 1971ರಲ್ಲೇ ತೀರ್ಮಾನವಾಗಿದೆ. 2013ರ ಜಿತೇಂದ್ರ ಕುಮಾರ್ ಶ್ರೀವಾಸ್ತವ ಪ್ರಕರಣದಲ್ಲಿ ಅದನ್ನೇ ಸಂವಿಧಾನದಲ್ಲಿ ಆಸ್ತಿ ಹಕ್ಕನ್ನು ಕಾಯುವ 300-ಎ ವಿಧಿಗೆ ಜೋಡಿಸಿದರು. ಶಾಸನಬದ್ಧ ನಿಯಮದ ಬೆಂಬಲವಿಲ್ಲದೆ, ಬರೀ ಆಡಳಿತಾತ್ಮಕ ಸುತ್ತೋಲೆ ಇಟ್ಟುಕೊಂಡು ಪಿಂಚಣಿಯನ್ನಾಗಲಿ ಗ್ರಾಚ್ಯುಟಿಯನ್ನಾಗಲಿ ತಡೆಯುವಂತಿಲ್ಲ. ಸುತ್ತೋಲೆಯ ಪಾಡೇ ಹೀಗಿರುವಾಗ ಬಾಯಿಮಾತಿನ ಸೂಚನೆಗೆ ಏನು ಬೆಲೆ, ನೀವೇ ಹೇಳಿ.

213, 214ರ ವಿಷಯ. 213 ಮುಂದಿನ ಸನ್ನಡತೆಯ ನಿಯಮ. ಪಿಂಚಣಿ ಮಂಜೂರಾತಿಯಲ್ಲೇ "ಇನ್ನು ಮುಂದೆ ಒಳ್ಳೆಯ ನಡತೆ" ಎಂಬ ಷರತ್ತು ಅಡಕವಾಗಿದೆ. ಪಿಂಚಣಿದಾರ ಗಂಭೀರ ಅಪರಾಧಕ್ಕೆ ಶಿಕ್ಷೆಗೊಳಗಾದರೆ ಅಥವಾ ಗುರುತರ ದುರ್ನಡತೆ ತೋರಿದರೆ ಸರ್ಕಾರ ಪಿಂಚಣಿಯನ್ನು ಹಿಂಪಡೆಯಬಹುದು. ನಿವೃತ್ತನಾದ ಮೇಲೆ ಕೊಲೆ, ವಂಚನೆ, ಮಾದಕವಸ್ತು ಸಾಗಣೆ ಇಂಥದ್ದರಲ್ಲಿ ಸಿಕ್ಕಿಬಿದ್ದರೆ ಸಹಜವಾಗಿ ಅನ್ವಯಿಸುವುದು ಇದು. 214 ಸೇವೆಯಲ್ಲಿದ್ದಾಗ ಮಾಡಿದ್ದರ ನಿಯಮ. ಇಲಾಖಾ ವಿಚಾರಣೆಯಲ್ಲೋ ನ್ಯಾಯಾಂಗ ನಡವಳಿಯಲ್ಲೋ ಸೇವಾವಧಿಯ ಗುರುತರ ದುರ್ನಡತೆ ಅಥವಾ ನಿರ್ಲಕ್ಷ್ಯ ಸಾಬೀತಾದರೆ ಪಿಂಚಣಿಯ ಭಾಗವನ್ನು ಅಥವಾ ಇಡೀ ಪಿಂಚಣಿಯನ್ನು ತಡೆಯಬಹುದು, ಸರ್ಕಾರಕ್ಕಾದ ಹಣದ ನಷ್ಟವನ್ನು ವಸೂಲು ಮಾಡಬಹುದು.

ಇಲ್ಲಿ ಲಂಚ ಪಡೆದ ಆರೋಪ 2015ರದ್ದು, ಸೇವಾವಧಿಯದ್ದು. ಹಾಗಾಗಿ 214. ಕೆಲವು ನೋಟಿಸ್‌ಗಳಲ್ಲಿ ಎರಡನ್ನೂ ಒಟ್ಟಿಗೆ ಬರೆದು ಕೈತೊಳೆದುಕೊಳ್ಳುತ್ತಾರೆ. ಯಾವ ನಿಯಮ, ಅದರ ಯಾವ ಭಾಗ ಎಂದು ಲಿಖಿತವಾಗಿ ಕೇಳಿ.

ಆದೇಶ ಯಾರದ್ದು ಎಂಬುದನ್ನೂ ನೋಡಿ. ಈ ನಿಯಮಗಳಲ್ಲಿ ಅಧಿಕಾರ ಇರುವುದು "ಸರ್ಕಾರ"ಕ್ಕೆ. ಜಿಲ್ಲಾ ಮಟ್ಟದ ಅಧಿಕಾರಿಯೋ ಇಲಾಖಾ ಮುಖ್ಯಸ್ಥರೋ ತಮ್ಮ ಸಹಿಯಲ್ಲಿ ಪಿಂಚಣಿ ಕಿತ್ತುಕೊಳ್ಳಲು ಬರುವುದಿಲ್ಲ. ಸಚಿವಾಲಯದ ಆಡಳಿತ ಇಲಾಖೆಯಿಂದ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಎಂಬ ಒಕ್ಕಣೆಯೊಂದಿಗೆ ಹೊರಡಬೇಕು.

ನಾಲ್ಕು ವರ್ಷದ ಮಿತಿಯನ್ನು ಇಲ್ಲಿ ಎತ್ತಲು ಹೋಗಬೇಡಿ. ಆ ಮಿತಿ ಇರುವುದು ನಿವೃತ್ತಿಯ ನಂತರ ಹೊಸದಾಗಿ ಶುರುವಾಗುವ ನಡವಳಿಗೆ. ಇಲ್ಲಿ ಕ್ರಿಮಿನಲ್ ಪ್ರಕರಣ ಸೇವೆಯಲ್ಲಿದ್ದಾಗಲೇ ಶುರುವಾಗಿದೆ. ಆದರೆ ಇದೇ ಘಟನೆಗೆ ಇಲಾಖೆ ಈಗ ಹೊಸ ದೋಷಾರೋಪಣಾ ಪಟ್ಟಿ ಹೊರಡಿಸಿದರೆ ಆ ವಾದ ನೂರಕ್ಕೆ ನೂರು ನಿಲ್ಲುತ್ತದೆ. ನಿವೃತ್ತರ ಮೇಲೆ ಹೊಸ ಇಲಾಖಾ ವಿಚಾರಣೆಗೆ ಸರ್ಕಾರದ ಮಂಜೂರಾತಿ ಬೇಕು, ಘಟನೆ ನಾಲ್ಕು ವರ್ಷಕ್ಕಿಂತ ಹಿಂದಿನದಾಗಿರಬಾರದು.

ಖಜಾನೆ ಕಟ್ಟೆ

ಕಾನೂನಿನ ಮಾತು ಮೇಲಿನವರು ಹೇಳಿದ್ದಾರೆ, ನಾನು ಲೆಕ್ಕದ ಕಡೆಯಿಂದ ಬರುತ್ತೇನೆ. ನಿಜವಾದ ಎಡವಟ್ಟುಗಳು ಆಗುವುದು ಅಲ್ಲೇ.

ತಾತ್ಕಾಲಿಕ ಪಿಂಚಣಿ 214-ಎ ಅಡಿ ಬರುವಂಥದ್ದು. ಕೇಂದ್ರದ 1972ರ ಪಿಂಚಣಿ ನಿಯಮಗಳಲ್ಲಿ (2021ರಲ್ಲಿ ಇವುಗಳ ಜಾಗಕ್ಕೆ ಹೊಸ ನಿಯಮಗಳು ಬಂದಿವೆ) ಇದಕ್ಕೆ ಸಮನಾಗಿದ್ದದ್ದು ನಿಯಮ 69. ಅದರ ಒಕ್ಕಣೆ ಬಹಳ ಸ್ಪಷ್ಟ: ನಿವೃತ್ತಿಯ ದಿನದಿಂದ ಹಿಡಿದು, ನಡವಳಿ ಮುಗಿದ ಮೇಲೆ ಸಕ್ಷಮ ಪ್ರಾಧಿಕಾರ ಅಂತಿಮ ಆದೇಶ ಹೊರಡಿಸುವ ದಿನದವರೆಗೆ, ಆ ದಿನವೂ ಸೇರಿ. ಅಂದರೆ ನ್ಯಾಯಾಲಯ ತೀರ್ಪು ಕೊಟ್ಟ ದಿನ ತಾತ್ಕಾಲಿಕ ಪಿಂಚಣಿ ಮುಗಿಯುವುದಿಲ್ಲ, ಸರ್ಕಾರ ಅಂತಿಮ ಆದೇಶ ಮಾಡಿದ ದಿನ ಮುಗಿಯುತ್ತದೆ. ಇವೆರಡರ ನಡುವೆ ವರ್ಷಗಟ್ಟಲೆ ಅಂತರ ಬೀಳುವುದುಂಟು. ಆ ಅವಧಿಗೆ ಪಿಂಚಣಿ, ಅದರ ಮೇಲಿನ ತುಟ್ಟಿಭತ್ಯೆ ಎರಡೂ ಸಲ್ಲಬೇಕು. "ಶಿಕ್ಷೆಯಾಗಿದೆ, ಮುಂದಿನ ತಿಂಗಳ ಬಿಲ್ ಮಾಡಬೇಡಿ" ಎನ್ನುವ ಮಾತಿಗೆ ಆಧಾರವಿಲ್ಲ. ಆದೇಶ ಸಂಖ್ಯೆ, ದಿನಾಂಕ ಕೊಡಿ ಎಂದು ಟಪಾಲಿನಲ್ಲಿ ಪತ್ರ ಹಾಕಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಡಿಸಿಆರ್‌ಜಿ ತಡೆದಿರುವುದು ಇಲ್ಲಿ ಸರಿಯೇ, ಯಾಕೆಂದರೆ ನಿವೃತ್ತಿಗೆ ಮುಂಚೆಯೇ ಚಾರ್ಜ್‌ಶೀಟ್ ಆಗಿತ್ತು. ಇದೇ ಚರ್ಚೆಯನ್ನು ಓದುವ ಬೇರೆಯವರಿಗಾಗಿ ಒಂದು ಮಾತು: ಬರೀ ಎಫ್‌ಐಆರ್ ಇದ್ದರೆ "ನ್ಯಾಯಾಂಗ ನಡವಳಿ ಬಾಕಿ" ಎನ್ನಲು ಬರುವುದಿಲ್ಲ. ಕ್ರಿಮಿನಲ್ ನಡವಳಿ ಶುರುವಾಯಿತು ಎಂದು ಲೆಕ್ಕ ಹಿಡಿಯುವುದು, ಯಾವ ದೂರು ಅಥವಾ ಪೊಲೀಸ್ ವರದಿಯ ಮೇಲೆ ನ್ಯಾಯಾಲಯ ಕಾಗ್ನಿಜೆನ್ಸ್ ತೆಗೆದುಕೊಂಡಿತೋ (ಅಂದರೆ ವಿಚಾರಣೆಗೆ ಪರಿಗಣಿಸಿತೋ) ಅದು ಸಲ್ಲಿಕೆಯಾದ ದಿನದಿಂದ. ಇಲಾಖಾ ವಿಚಾರಣೆಯಾದರೆ ದೋಷಾರೋಪಣಾ ಪಟ್ಟಿ ಕೊಟ್ಟ ದಿನ, ಅದಕ್ಕೂ ಮುಂಚೆ ಅಮಾನತಾಗಿದ್ದರೆ ಅಮಾನತಾದ ದಿನ. ಕಚೇರಿಗಳಲ್ಲಿ ಎಫ್‌ಐಆರ್ ಪ್ರತಿ ಕಂಡ ಕೂಡಲೇ ಬೇಬಾಕಿ ಪ್ರಮಾಣಪತ್ರ ತಡೆದು, ಪಿಂಚಣಿ ಪ್ರಸ್ತಾವವನ್ನು ಮಹಾಲೇಖಪಾಲರಿಗೆ ಕಳಿಸದೆ ಕೂರುತ್ತಾರೆ. ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಜಿಪಿಎಫ್ (ಸಾಮಾನ್ಯ ಭವಿಷ್ಯ ನಿಧಿ) ಈ ಯಾವುದಕ್ಕೂ ಸಿಗುವುದಿಲ್ಲ. ಅದು ನೌಕರನ ಸ್ವಂತ ಹಣ, 1925ರ ಭವಿಷ್ಯ ನಿಧಿ ಕಾಯ್ದೆಯ ರಕ್ಷಣೆ ಅದಕ್ಕಿದೆ.

ಈಗ ಕಡಿತದ ಲೆಕ್ಕ. ಆದೇಶದಲ್ಲಿ "ಶೇ 50ರಷ್ಟು ಪಿಂಚಣಿ ತಡೆಹಿಡಿಯತಕ್ಕದ್ದು" ಎಂದಷ್ಟೇ ಇದ್ದರೆ ಯಾವ ಪಿಂಚಣಿಯ ಶೇ 50 ಎಂಬ ಪ್ರಶ್ನೆ ಏಳುತ್ತದೆ. ಉದಾಹರಣೆಗೆ ಮೂಲ ಪಿಂಚಣಿ 40,000 ರೂ. ಎಂದಿಟ್ಟುಕೊಳ್ಳಿ. ಎಲ್ಲ ಇತ್ಯರ್ಥವಾಗಿ ಮೂರನೇ ಒಂದು ಭಾಗ ಕಮ್ಯುಟೇಷನ್ ಆಗಿದೆ, ಅಂದರೆ 13,333 ಹೋಗಿ ಕೈಗೆ ಬರುವುದು 26,667. ಆಮೇಲೆ 213ರ ಅಡಿ ಶೇ 50 ಕಡಿತ ಬಂತು. ಮೂಲ ಪಿಂಚಣಿಯ ಮೇಲೆ ಕತ್ತರಿಸಿದರೆ 20,000 ಹೋಗುತ್ತದೆ, ಉಳಿದದ್ದರಲ್ಲಿ ಕಮ್ಯುಟೇಷನ್ ಭಾಗ ಕಳೆದರೆ ಕೈಗೆ ಸಿಗುವುದು ತಿಂಗಳಿಗೆ 6,667. ಉಳಿಕೆ ಪಿಂಚಣಿಯ ಮೇಲೆ ಕತ್ತರಿಸಿದರೆ 13,333. ಒಂದೇ ಆದೇಶ, ಫಲಿತಾಂಶ ದುಪ್ಪಟ್ಟು ವ್ಯತ್ಯಾಸ. ತುಟ್ಟಿಭತ್ಯೆಗೂ ಇದೇ ಗೋಜಲು, ಅದನ್ನು ಕಮ್ಯುಟೇಷನ್‌ಗೆ ಮುಂಚಿನ ಪಿಂಚಣಿಯ ಮೇಲೆ ಲೆಕ್ಕ ಹಾಕುವುದರಿಂದ ಕಡಿತದ ನಂತರ ಯಾವ ಮೊತ್ತವನ್ನು ಆಧಾರವಾಗಿ ಹಿಡಿಯಬೇಕು ಎಂಬುದನ್ನು ಆದೇಶವೇ ಹೇಳಬೇಕು. ಕೇಂದ್ರ ಸರ್ಕಾರದ ಆದೇಶಗಳಲ್ಲಿ "ಇಲ್ಲದಿದ್ದರೆ ಸಲ್ಲಬೇಕಾಗಿದ್ದ ಮಾಸಿಕ ಪಿಂಚಣಿಯ ಇಷ್ಟು ಪಾಲು, ಇಷ್ಟು ವರ್ಷಗಳಿಗೆ" ಎಂಬ ಧಾಟಿಯಲ್ಲಿ ಬರೆಯುತ್ತಾರೆ. ನಮ್ಮಲ್ಲೂ ಹಾಗೇ ಬರೆದರೆ ಎಷ್ಟೋ ಪತ್ರವ್ಯವಹಾರ ತಪ್ಪುತ್ತದೆ.

ಹೇಮಾವತಿಯವರ ಕಡತದಲ್ಲಿ ಕಮ್ಯುಟೇಷನ್ ಇನ್ನೂ ಆಗಿಲ್ಲ, ಹಾಗಾಗಿ ಈ ಗೋಜಲು ಬರುವುದಿಲ್ಲ. ಅಂತಿಮ ಆದೇಶದ ನಂತರ ಎಷ್ಟು ಪಿಂಚಣಿ ಉಳಿಯುತ್ತದೋ ಅದರ ಮೂರನೇ ಒಂದು ಭಾಗವೇ ಕಮ್ಯುಟೇಷನ್‌ಗೆ ಸಿಗುವುದು.

ಹೇಮಾವತಿ ದಂಡೆ

ತುಂಬ ಉಪಕಾರ. ತಾತ್ಕಾಲಿಕ ಪಿಂಚಣಿಯ ಬಗ್ಗೆ ಪತ್ರ ಇವತ್ತೇ ಕೊಡಿಸುತ್ತೇವೆ. ಒಂದು ವಿಷಯ ಬಿಟ್ಟುಹೋಗಿತ್ತು. ಇದೇ ಟ್ರ್ಯಾಪ್‌ಗೆ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮ 14-ಎ ಅಡಿ ಉಪಲೋಕಾಯುಕ್ತರ ಇಲಾಖಾ ವಿಚಾರಣೆಯೂ ನಡೆದಿತ್ತು, ಅದರಲ್ಲಿ ಆರೋಪ ಸಾಬೀತಾಗಿಲ್ಲ ಎಂದು ವರದಿ ಬಂದಿದೆ. ಅದರಿಂದ ಏನಾದರೂ ಅನುಕೂಲವೇ? ನೋಟಿಸ್‌ಗೆ ಉತ್ತರದಲ್ಲಿ ಏನೇನು ಇರಬೇಕು?

ಕೆಎಟಿ ಮೆಟ್ಟಿಲು

ಮೇಡಂ, ವರದಿ ನಿಮ್ಮ ಪರ ಇದೆ ಎಂದು ಗೆದ್ದಂತಲ್ಲ. ನಿಯಮದಲ್ಲಿರುವುದು "ಇಲಾಖಾ ಅಥವಾ ನ್ಯಾಯಾಂಗ ನಡವಳಿ". ಎರಡರಲ್ಲಿ ಒಂದರಲ್ಲಿ ಸಾಬೀತಾದರೂ ಸರ್ಕಾರಕ್ಕೆ ಸಾಕು. ಇಲಾಖಾ ವಿಚಾರಣೆಗೆ ಬೇಕಾದ ಸಾಕ್ಷ್ಯದ ಮಟ್ಟ ಕಡಿಮೆ, ಅಲ್ಲೇ ಸಾಬೀತಾಗದ್ದು ಕ್ರಿಮಿನಲ್ ನ್ಯಾಯಾಲಯದಲ್ಲಿ ಸಾಬೀತಾಗಿದೆ ಎಂಬುದು ವಿಚಿತ್ರವೇ. ಆದರೆ ಅದು ಹೈಕೋರ್ಟ್ ಮೇಲ್ಮನವಿಯಲ್ಲಿ ಎತ್ತಬೇಕಾದ ವಾದ. ನೋಟಿಸಿನ ಉತ್ತರದಲ್ಲಿ ಅದನ್ನು ಕಡಿತದ ಪ್ರಮಾಣ ತಗ್ಗಿಸಲು ಬಳಸಿ.

ಉತ್ತರ ಬರೆಯುವಾಗ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಹತ್ತು ಪುಟ "ನಾನು ನಿರ್ದೋಷಿ, ಫಿರ್ಯಾದಿ ದ್ವೇಷದಿಂದ ಸಿಕ್ಕಿಸಿದ" ಎಂದು ಬರೆಯುವುದು. ದೋಷಿ ಎಂಬ ತೀರ್ಪು ಇರುವವರೆಗೆ ಸರ್ಕಾರ ಅದರ ಹಿಂದಕ್ಕೆ ಹೋಗುವುದಿಲ್ಲ, ಹೋಗಲೂ ಆಗದು. ಸರ್ಕಾರದ ಕೈಯಲ್ಲಿ ಉಳಿದಿರುವುದು ಎಷ್ಟು ಕಡಿತ, ಎಷ್ಟು ಕಾಲ, ಯಾವಾಗಿನಿಂದ ಎಂಬ ಮೂರು ಪ್ರಶ್ನೆ. ಉತ್ತರವೆಲ್ಲ ಆ ಮೂರರ ಸುತ್ತ ಇರಲಿ.

ಮೊದಲು ದಾಖಲೆ ಕೇಳಿ: ನೋಟಿಸ್ ಆಧರಿಸಿರುವ ಟಿಪ್ಪಣಿ, ಲೋಕಾಯುಕ್ತದ ಶಿಫಾರಸು ಇದ್ದರೆ ಅದು. 15 ದಿನ ಸಾಲದಿದ್ದರೆ ಗಡುವು ಮುಗಿಯುವ ಮುಂಚೆಯೇ ಹೆಚ್ಚಿನ ಸಮಯ ಕೇಳಿ. ಕೇಂದ್ರದ ನಿಯಮದಲ್ಲಿ ಇಂಥ ನೋಟಿಸ್‌ಗೆ 15 ದಿನ, ಅದರ ಮೇಲೆ ಇನ್ನೂ 15 ದಿನದವರೆಗೆ ಕೊಡಬಹುದು ಎಂದಿದೆ, ನಮ್ಮಲ್ಲೂ ಆ ಅಳತೆಯಲ್ಲಿ ಕೇಳಿದರೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ. ಪಿಂಚಣಿ ಕಡಿತಕ್ಕೆ ಮುಂಚೆ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು ಎಂಬುದು ಕೆ.ಆರ್. ಎರ್ರಿ ಪ್ರಕರಣದಿಂದ (1973) ನೆಲೆನಿಂತ ತತ್ವ.

ಆಮೇಲೆ ಪ್ರಮಾಣದ ವಾದ. ಒಟ್ಟು ಅರ್ಹ ಸೇವೆ ಎಷ್ಟು ವರ್ಷ, ಹಿಂದೆ ಯಾವುದಾದರೂ ದಂಡನೆ ಇತ್ತೇ, ಸರ್ಕಾರಕ್ಕೆ ಹಣದ ನಷ್ಟ ಆಗಿದೆಯೇ (ಟ್ರ್ಯಾಪ್ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಆಗಿರುವುದಿಲ್ಲ, ಹಣ ಫಿರ್ಯಾದಿಯದ್ದು), ಟ್ರ್ಯಾಪ್ ಮೊತ್ತ ಎಷ್ಟು, ಅವಲಂಬಿತರು ಯಾರು, ಕಾಯಿಲೆ ಕಸಾಲೆಯ ಖರ್ಚು ಎಷ್ಟು. ಇವನ್ನು ದಾಖಲೆ ಸಮೇತ ಕೊಡಿ. "ಪೂರ್ಣ, ಶಾಶ್ವತ" ಎಂಬುದು ನಿಯಮದಲ್ಲಿರುವ ಅತಿ ದೊಡ್ಡ ಕ್ರಮ. ಅದಕ್ಕಿಂತ ಕೆಳಗೆ ಭಾಗಶಃ ಕಡಿತ, ನಿರ್ದಿಷ್ಟ ಅವಧಿಯ ಕಡಿತ ಎಂಬ ಮೆಟ್ಟಿಲುಗಳಿವೆ. ಅವು ಯಾಕೆ ಸಾಲವು ಎಂದು ಸರ್ಕಾರ ಕಾರಣ ಬರೆಯಬೇಕು ಎಂದು ಸ್ಪಷ್ಟವಾಗಿ ಕೇಳಿ. ಈ ಕಾರಣವಿಲ್ಲದ ಆದೇಶವೇ ನ್ಯಾಯಮಂಡಳಿಯಲ್ಲಿ ಬೀಳುವುದು. ಬಹಳ ಆದೇಶಗಳು ನ್ಯಾಯಾಲಯದ ತೀರ್ಪಿನ ಕೊನೆಯ ಪ್ಯಾರಾ ನಕಲು ಮಾಡಿ, "ಆದುದರಿಂದ" ಎಂದು ಒಂದೇ ನೆಗೆತಕ್ಕೆ ಪೂರ್ಣ ಹಿಂಪಡೆತಕ್ಕೆ ಹೋಗಿಬಿಡುತ್ತವೆ. ಗುರುತರ ದುರ್ನಡತೆ ಎಂಬ ನಿರ್ಣಯ ಕಡತದಲ್ಲಿ ದಾಖಲಾಗಬೇಕು ಎಂದು ಡಿ.ವಿ. ಕಪೂರ್ ಪ್ರಕರಣ (1990) ಹೇಳುತ್ತದೆ. ಲಂಚದ ಶಿಕ್ಷೆಯಿದ್ದಾಗ ಆ ನಿರ್ಣಯ ಬರೆಯುವುದು ಸರ್ಕಾರಕ್ಕೆ ಕಷ್ಟವಲ್ಲ, ಆದರೂ ಬರೆದಿರಬೇಕು.

ಕೊನೆಗೆ ಎರಡು ಕೋರಿಕೆ ಸೇರಿಸಿ. ಮೇಲ್ಮನವಿ ಇತ್ಯರ್ಥದವರೆಗೆ ಅಂತಿಮ ಆದೇಶ ಮುಂದೂಡಿ ಎಂಬುದು ಒಂದು. ಒಪ್ಪಬೇಕೆಂಬ ಕಡ್ಡಾಯವಿಲ್ಲ, ಆದರೆ ಕೇಳದೆ ಸಿಗುವುದಿಲ್ಲ. ಆದೇಶ ಮಾಡುವುದೇ ಆದರೆ "ಮೇಲ್ಮನವಿಯ ಫಲಿತಾಂಶಕ್ಕೆ ಒಳಪಟ್ಟು" ಎಂಬ ಮಾತು ಸೇರಿಸಿ ಎಂಬುದು ಇನ್ನೊಂದು. ಮುಂದೆ ಖುಲಾಸೆಯಾದರೆ ಬಾಕಿ ಹಣ ಕೇಳಲು ಈ ಒಂದು ಸಾಲು ಹಿಡಿಕೆಯಾಗುತ್ತದೆ.

ಆದೇಶ ವಿರುದ್ಧ ಬಂದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ ಕಲಂ 21ರ ಪ್ರಕಾರ ಒಂದು ವರ್ಷದ ಕಾಲಮಿತಿ. ಮನವಿ ಮೇಲೆ ಮನವಿ ಹಾಕುತ್ತಾ ಕೂತರೆ ಆ ವರ್ಷ ಕಳೆದುಹೋಗುತ್ತದೆ. ಬೆಂಗಳೂರಿಗೆ ಬರಬೇಕೆಂದೇನಿಲ್ಲ, ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ. ಅರ್ಜಿಯ ಜೊತೆಗೇ ಮಧ್ಯಂತರ ತಡೆ ಕೇಳಿ.

ಯಾರೂ ಬಾಯಿಬಿಟ್ಟು ಮಾತಾಡದ ಒಂದು ವಿಷಯವಿದೆ, ಹೇಳಿಬಿಡುತ್ತೇನೆ. ಮೇಲ್ಮನವಿ ಬಾಕಿಯಿರುವಾಗ ಪಿಂಚಣಿದಾರರು ತೀರಿಕೊಂಡರೆ, ಸಜೆಯ ವಿರುದ್ಧದ ಮೇಲ್ಮನವಿ ಅಲ್ಲಿಗೇ ಕೊನೆಗೊಳ್ಳುತ್ತದೆ. ದೋಷಿ ಎಂಬ ತೀರ್ಪು ಶಾಶ್ವತವಾಗಿ ಉಳಿದುಬಿಡುತ್ತದೆ. ಇದನ್ನು ತಪ್ಪಿಸಲು ಸಮೀಪದ ಬಂಧುಗಳು, ಅಂದರೆ ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ಮೊಮ್ಮಕ್ಕಳು, ಅಣ್ಣ ತಮ್ಮ ಅಕ್ಕ ತಂಗಿಯರು, 30 ದಿನದೊಳಗೆ ಮೇಲ್ಮನವಿ ಮುಂದುವರಿಸಲು ಅನುಮತಿ ಕೋರಬಹುದು. ಹಿಂದೆ ಸಿಆರ್‌ಪಿಸಿ 394, ಈಗ ಬಿಎನ್‌ಎಸ್‌ಎಸ್ 435. ತಿಥಿ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಆ 30 ದಿನ ಮುಗಿದಿರುತ್ತದೆ. ತಡೆಹಿಡಿದ ಡಿಸಿಆರ್‌ಜಿ, ಕಡಿತವಾದ ಪಿಂಚಣಿಯ ಬಾಕಿ ಎಲ್ಲ ಆ ಮೇಲ್ಮನವಿಯ ಮೇಲೆ ನಿಂತಿರುತ್ತವೆ. ವಕೀಲರ ಫೋನ್ ನಂಬರು ಮನೆಯವರ ಹತ್ತಿರವೂ ಇರಲಿ.

ಸೇವಾನಿಯಮ

ಕುಟುಂಬ ಪಿಂಚಣಿಯ ಪ್ರಶ್ನೆ ಹಾಗೇ ಉಳಿದಿತ್ತು. ನಮ್ಮಲ್ಲಿ ಅದಕ್ಕೆ ಪ್ರತ್ಯೇಕ ನಿಯಮಗಳಿವೆ, 2002ರವು. ಅದು ಪಿಂಚಣಿದಾರರ ಪಿಂಚಣಿಯಲ್ಲಿ ಒಂದು ತುಂಡಲ್ಲ, ಕೊನೆಯ ವೇತನದ ಮೇಲೆ ಬೇರೆಯೇ ಲೆಕ್ಕ. ಹಾಗಾಗಿ ಗಂಡನ ಪಿಂಚಣಿಗೆ ಕಡಿತದ ಆದೇಶವಿದೆ ಎಂದು ಹೆಂಡತಿಯ ಕುಟುಂಬ ಪಿಂಚಣಿಗೂ ಅದೇ ಶೇಕಡಾವಾರು ಕತ್ತರಿ ಹಾಕಿದರೆ ಆದೇಶದಲ್ಲಿ ಹಾಗೆಲ್ಲಿದೆ ಎಂದು ಕೇಳಿ.

ಸೇವೆಯಲ್ಲಿದ್ದಾಗಲೇ ವಜಾ ಆದರೆ ಕಥೆ ಬೇರೆ. ಸಂವಿಧಾನದ 311(2)ರ ಎರಡನೇ ಪರಂತುಕದ (ಎ) ಖಂಡದ ಪ್ರಕಾರ, ಶಿಕ್ಷೆಗೆ ಕಾರಣವಾದ ನಡತೆಗಾಗಿ ವಿಚಾರಣೆಯಿಲ್ಲದೆಯೇ ವಜಾ ಮಾಡಬಹುದು. ವಜಾ ಎಂದರೆ ಹಿಂದಿನ ಸೇವೆಯೇ ಅಳಿಸಿಹೋದಂತೆ. 213, 214ರ ಚರ್ಚೆಯೇ ಏಳುವುದಿಲ್ಲ. ಉಳಿಯುವುದು ಅನುಕಂಪದ ಭತ್ಯೆ ಮಾತ್ರ, ಅದು ಹಕ್ಕಲ್ಲ. ಕೇಂದ್ರದ ನಿಯಮದಲ್ಲಿ ಅದರ ಗರಿಷ್ಠ ಮಿತಿ ಪಿಂಚಣಿಯ ಮೂರನೇ ಎರಡು ಭಾಗ. ಒಂದೇ ಲಂಚದ ಪ್ರಕರಣ, ತೀರ್ಪು ನಿವೃತ್ತಿಗೆ ಹಿಂದಿನ ತಿಂಗಳು ಬಂದರೆ ಎಲ್ಲವೂ ಹೋಗುತ್ತದೆ, ಮುಂದಿನ ತಿಂಗಳು ಬಂದರೆ ಚೌಕಾಸಿಗೆ ಜಾಗವಿದೆ. ವಿಚಾರಣೆ ಎಳೆಯುವವರ ಲೆಕ್ಕಾಚಾರ ಎಲ್ಲಿಂದ ಹುಟ್ಟುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ದೆಹಲಿ ಕನ್ನಡಿಗ

ಇಲ್ಲಿ ಕೇಂದ್ರ ಸರ್ಕಾರದ ನಿವೃತ್ತರೂ ಓದುತ್ತಿರಬಹುದು, ಅವರಿಗಾಗಿ ವ್ಯತ್ಯಾಸ ಬರೆಯುತ್ತೇನೆ.

ಕೇಂದ್ರದ 1972ರ ಪಿಂಚಣಿ ನಿಯಮಗಳ 8 ಮತ್ತು 9 (ನಮ್ಮ 213, 214ಕ್ಕೆ ಸಮನಾದವು), 2021ರ ಹೊಸ ನಿಯಮಗಳಲ್ಲಿ 7 ಮತ್ತು 8 ಆಗಿವೆ. ಹಳೆಯ ತೀರ್ಪು ಓದುವಾಗ ಈ ಸಂಖ್ಯೆ ಪಲ್ಲಟ ನೆನಪಿರಲಿ, ಹಳೆಯ 8 ಮತ್ತು ಹೊಸ 8 ಒಂದೇ ಅಲ್ಲ. ಸೇವಾವಧಿಯ ದುರ್ನಡತೆಗೆ ರಾಷ್ಟ್ರಪತಿಗಳ ಹೆಸರಿನಲ್ಲಿ ಅಂತಿಮ ಆದೇಶ ಆಗುವ ಮುಂಚೆ ಯುಪಿಎಸ್‌ಸಿ ಸಲಹೆ ಪಡೆಯಬೇಕು. ಆ ಸಲಹೆಯ ಪ್ರತಿಯನ್ನು ಆದೇಶದ ಜೊತೆಗಲ್ಲ, ಆದೇಶಕ್ಕೆ ಮುಂಚೆಯೇ ನಿವೃತ್ತರಿಗೆ ಕೊಟ್ಟು ಉತ್ತರ ಕೇಳಬೇಕು, 2011ರ ಎಸ್.ಕೆ. ಕಪೂರ್ ತೀರ್ಪು ಇದಕ್ಕೆ. ಈ ಒಂದು ಹೆಜ್ಜೆ ತಪ್ಪಿ ಮತ್ತೆ ಮೊದಲಿನಿಂದ ಶುರುವಾದ ಕಡತಗಳಿವೆ.

ಭಾಗಶಃ ಕಡಿತ ಮಾಡಿದರೆ ಉಳಿಕೆ ಪಿಂಚಣಿ ಕನಿಷ್ಠ ಪಿಂಚಣಿಗಿಂತ, ಅಂದರೆ 9,000 ರೂಪಾಯಿಗಿಂತ, ಕೆಳಗೆ ಇಳಿಯುವಂತಿಲ್ಲ. ಪೂರ್ಣ ಹಿಂಪಡೆದರೆ ಮಾತ್ರ ಸೊನ್ನೆ. ನಡುವೆ 4,000, 5,000 ಎಂಬ ಮೆಟ್ಟಿಲೇ ಇಲ್ಲ, ನನಗಂತೂ ಇದು ತಮಾಷೆಯಾಗಿ ಕಾಣುತ್ತದೆ. ಪಿಂಚಣಿ ತಡೆಯದೆ ಬರೀ ನಷ್ಟ ವಸೂಲಿ ಎಂದಾದರೆ, ಸಾಮಾನ್ಯವಾಗಿ ತಿಂಗಳಿಗೆ ಪಿಂಚಣಿಯ ಮೂರನೇ ಒಂದು ಭಾಗ ದಾಟಬಾರದು.

ಐಎಎಸ್, ಐಪಿಎಸ್, ಐಎಫ್‌ಎಸ್ (ಅರಣ್ಯ ಸೇವೆ) ಅಧಿಕಾರಿಗಳಿಗೆ 1958ರ ಅಖಿಲ ಭಾರತ ಸೇವೆಗಳ ನಿಯಮಗಳು. ಮೊದಲು ರಾಜ್ಯ ಸರ್ಕಾರ ಬರೆದ ಮೇಲೆ ಕೇಂದ್ರ ಕ್ರಮ ಕೈಗೊಳ್ಳುತ್ತಿತ್ತು, 2023ರ ತಿದ್ದುಪಡಿಯ ನಂತರ ಕೇಂದ್ರ ತಾನಾಗಿಯೂ ಮಾಡಬಹುದು.

ನಿಗಮ, ಬ್ಯಾಂಕ್‌ಗಳಲ್ಲಿ ದುಡಿದವರ ಗ್ರಾಚ್ಯುಟಿಗೆ 2025ರ ನವೆಂಬರ್‌ವರೆಗೆ 1972ರ ಗ್ರಾಚ್ಯುಟಿ ಕಾಯ್ದೆಯ ಕಲಂ 4(6) ಇತ್ತು, ಈಗ ಆ ಕಾಯ್ದೆಯ ಜಾಗದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೆ. ನೈತಿಕ ಅಧಃಪತನದ ಅಪರಾಧ ಎನ್ನಲು ನ್ಯಾಯಾಲಯದ ಶಿಕ್ಷೆ ಬೇಕು ಎಂದು 2018ರ ಅಜಯ್ ಬಾಬು ಪ್ರಕರಣದಲ್ಲಿ ಹೇಳಿದ್ದರು. 2025ರಲ್ಲಿ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಪ್ರಕರಣದಲ್ಲಿ, ಶಿಕ್ಷೆ ಬೇಕಿಲ್ಲ, ಇಲಾಖಾ ವಿಚಾರಣೆಯಲ್ಲಿ ಸಾಬೀತಾದರೂ ಸಾಕು ಎಂಬ ನಿಲುವು ಬಂತು. ಹಳೆಯ ತೀರ್ಪನ್ನೇ ನಂಬಿ ಅರ್ಜಿ ಹಾಕಬೇಡಿ. ಸರ್ಕಾರಿ ಇಲಾಖೆಯಿಂದ ಸಾರ್ವಜನಿಕ ಉದ್ಯಮಕ್ಕೆ ವಿಲೀನವಾದವರು 2025ರ ಮೇ ತಿಂಗಳ ತಿದ್ದುಪಡಿಯನ್ನೂ ಓದಿಕೊಳ್ಳಿ: ಉದ್ಯಮದಲ್ಲಿ ದುರ್ನಡತೆಗೆ ವಜಾ ಆದರೆ ಹಿಂದಿನ ಸರ್ಕಾರಿ ಸೇವೆಯ ನಿವೃತ್ತಿ ಸೌಲಭ್ಯಕ್ಕೂ ಈಗ ಕುತ್ತು.

ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನಲ್ಲಿರುವವರಿಗೆ ಈ ಚರ್ಚೆಯ ಬಹುಪಾಲು ಅನ್ವಯಿಸುವುದಿಲ್ಲ. ಅವರ ಮಾಸಿಕ ಪಿಂಚಣಿ ಕೊಡುವುದು ವಿಮಾ ಕಂಪನಿ, ಖಜಾನೆಯಲ್ಲ.

ಬಯಲುಸೀಮೆ

ತಿದ್ದಿದ್ದಕ್ಕೆ ಧನ್ಯವಾದ. ಆದರೂ ಒಂದು ಕೇಳುತ್ತೇನೆ. "ಗಂಭೀರ ಅಪರಾಧ" ಎಂದರೆ ಯಾವುದು ಎಂದು ನಿಯಮದಲ್ಲೇ ಪಟ್ಟಿ ಮಾಡಿದ್ದರೆ ಈ ರಗಳೆ ಇರುತ್ತಿತ್ತೇ? ಚೆಕ್ ಬೌನ್ಸ್‌ಗೆ ಶಿಕ್ಷೆಯಾದವರಿಗೂ ನೋಟಿಸ್ ಕೊಡಬಹುದಲ್ಲವೇ?

ಸೇವಾನಿಯಮ

ಸರಿಯಾದ ಪ್ರಶ್ನೆ. ಕೇಂದ್ರದ ನಿಯಮದಲ್ಲಿ ವಿವರಣೆ ಎಂದು ಒಂದಿದೆ, ಅದೂ "1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಅಪರಾಧವೂ ಸೇರುತ್ತದೆ" ಎನ್ನುತ್ತದೆಯೇ ಹೊರತು ಉಳಿದವು ಯಾವುವು ಎಂದು ಹೇಳುವುದಿಲ್ಲ. ಚೆಕ್ ಬೌನ್ಸ್‌ಗೆ ನೋಟಿಸ್ ಕೊಡಬಹುದು, ಆದರೆ ಅದು ಗಂಭೀರ ಅಪರಾಧ ಹೇಗೆ ಎಂದು ಆದೇಶದಲ್ಲಿ ಬರೆಯುವಾಗ ಪೆನ್ನು ನಿಲ್ಲುತ್ತದೆ.

ಪಟ್ಟಿ ಮಾಡಿದ ದೇಶ ಅಮೆರಿಕ. ಆಲ್ಜರ್ ಹಿಸ್ ಎಂಬ ಅಧಿಕಾರಿಗೆ 1950ರಲ್ಲಿ ಸುಳ್ಳು ಸಾಕ್ಷ್ಯಕ್ಕೆ ಶಿಕ್ಷೆಯಾಗಿತ್ತು, 1954ರಲ್ಲಿ ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಪಿಂಚಣಿ ಮುಟ್ಟುಗೋಲಿನ ಕಾನೂನು ಬಂತು. ಮೊದಲು ಅದರ ವ್ಯಾಪ್ತಿ ಅಗಲವಾಗಿತ್ತು, 1961ರಲ್ಲಿ ದೇಶದ್ರೋಹ, ಗೂಢಚರ್ಯೆಯಂಥ ರಾಷ್ಟ್ರಭದ್ರತೆಯ ಅಪರಾಧಗಳಿಗೆ ಇಳಿಸಿದರು. 1972ರಲ್ಲಿ ನ್ಯಾಯಾಲಯ, ಹಿಂದಿನ ಕೃತ್ಯಕ್ಕೆ ಆಮೇಲೆ ಮಾಡಿದ ಕಾನೂನು ಅನ್ವಯಿಸದು ಎಂದು ಹಿಸ್ ಅವರ ಪಿಂಚಣಿ ಮರಳಿಸಿತು. ಪಟ್ಟಿಯ ಬಲ ಇಷ್ಟು: ಅದರಲ್ಲಿದ್ದರೆ ಹೋಯಿತು, ಇಲ್ಲದಿದ್ದರೆ ಉಳಿಯಿತು. ದೌರ್ಬಲ್ಯವೂ ಅದೇ. ಲಂಚ ತಿಂದು ಜೈಲಿಗೆ ಹೋದ ಸಂಸದರಿಗೂ ಪಿಂಚಣಿ ಬರುತ್ತಿತ್ತು, ಅದಕ್ಕೆ 2007ರಲ್ಲಿ ಬೇರೆ ಕಾನೂನೇ ಬೇಕಾಯಿತು. ನಮ್ಮ ನಿಯಮದಲ್ಲಿ ಅಧಿಕಾರಿಯ ವಿವೇಚನೆ ಇದೆ. 30 ವರ್ಷ ದುಡಿದ ಗುಮಾಸ್ತರ ಸಣ್ಣ ಮೊತ್ತದ ಪ್ರಕರಣಕ್ಕೂ ಕೋಟಿಗಟ್ಟಲೆ ನುಂಗಿದವರಿಗೂ ಒಂದೇ ಅಳತೆ ಹಾಕಬೇಕಿಲ್ಲ. ನನ್ನ ಮತ ವಿವೇಚನೆಯ ಕಡೆಗೇ, ಆದರೆ ವಿವೇಚನೆ ಬಳಸಿದ್ದೇವೆ ಎಂದು ತೋರಿಸುವ ಎರಡು ಪ್ಯಾರಾ ಬರೆಯುವ ಅಭ್ಯಾಸ ಕಚೇರಿಗಳಿಗೆ ಬರಬೇಕು.

ಖಜಾನೆ ಕಟ್ಟೆ

ಹೇಮಾವತಿ ಮೇಡಂ, ಅಂತಿಮ ಆದೇಶ ಕೈಗೆ ಬಂದಾಗ ನೋಡಬೇಕಾದ್ದು: ಯಾವ ದಿನಾಂಕದಿಂದ ಜಾರಿ ಎಂದು ಬರೆದಿದೆಯೇ? ತೀರ್ಪಿನ ದಿನದಿಂದ ಎಂದು ಹಿಂದಕ್ಕೆ ಹಾಕಿದ್ದರೆ 2024ರಿಂದ ಈಚೆಗೆ ಪಡೆದ ತಾತ್ಕಾಲಿಕ ಪಿಂಚಣಿಯನ್ನು ಹೆಚ್ಚುವರಿ ಪಾವತಿ ಎಂದು ವಸೂಲಿಗೆ ಹಾಕುತ್ತಾರೆ, ಅದನ್ನು ಅರ್ಜಿಯಲ್ಲಿ ಪ್ರತ್ಯೇಕವಾಗಿ ಪ್ರಶ್ನಿಸಿ. ಡಿಸಿಆರ್‌ಜಿ ಬಗ್ಗೆ ಬೇರೆ ಸಾಲು ಇದೆಯೇ? ಪಿಂಚಣಿಗೆ ಕಡಿತ ಎಂದಿದ್ದು ಡಿಸಿಆರ್‌ಜಿ ಬಗ್ಗೆ ಮೌನವಾಗಿದ್ದರೆ ಅದನ್ನು ಬಿಡುಗಡೆ ಮಾಡಿ ಎಂದು ಮರುದಿನವೇ ಪತ್ರ ಕೊಡಿ. 1990ರ ಕಪೂರ್ ತೀರ್ಪಿನ ನಂತರ ಕೇಂದ್ರ ತನ್ನ ನಿಯಮಕ್ಕೆ "ಗ್ರಾಚ್ಯುಟಿ" ಎಂಬ ಪದವನ್ನು ಬೇರೆಯಾಗಿಯೇ ಸೇರಿಸಬೇಕಾಗಿ ಬಂದದ್ದು ಈ ಮೌನದಿಂದಲೇ. ಆದೇಶದ ಪ್ರತಿ ಮಹಾಲೇಖಪಾಲರಿಗೂ ಖಜಾನೆಗೂ ಹೋಗಿದೆಯೇ ಎಂದು "ಪ್ರತಿಗಳು" ಪಟ್ಟಿಯಲ್ಲಿ ನೋಡಿ. ಖಜಾನೆಗೆ ಮಾತ್ರ ಹೋಗಿ ಮಹಾಲೇಖಪಾಲರಿಗೆ ಹೋಗದಿದ್ದರೆ ತಾತ್ಕಾಲಿಕ ಪಿಂಚಣಿ ನಿಲ್ಲುತ್ತದೆ, ಅಂತಿಮ ಪಿಪಿಒ (ಪಿಂಚಣಿ ಪಾವತಿ ಆದೇಶ) ಮಾತ್ರ ಬರುವುದಿಲ್ಲ.